ಖಾಡಿ ದಾಟಿದ ಡಬ್ಬಿ ಅಕ್ಕ

ಅವರ ಹಣೆಯ ನಡುವೆ, ಹುಬ್ಬುಗಳು ಸೇರುವ ಜಾಗಕ್ಕಿಂತ ತುಸು ಮೇಲೆ, ಕಾಳುಮೆಣಸಿನಷ್ಟು ಅಗಲದ ಒಂದು ಬಿಳಿ ಕಲೆ ಇತ್ತು. ವರ್ಷಗಟ್ಟಲೆ ಅಂಟಿಸಿಕೊಂಡ ಟಿಕಲಿಯ, ಅಂದರೆ ಅಂಟುಬೊಟ್ಟಿನ, ಗೋಂದು ಚರ್ಮದ ಬಣ್ಣವನ್ನು ತಿಂದುಹಾಕಿ ಮಾಡಿದ ಕಲೆ ಅದು. ಟಿಕಲಿ ಇದ್ದಷ್ಟು ಕಾಲ ಅದು ಯಾರಿಗೂ ಕಾಣುತ್ತಿರಲಿಲ್ಲ. ನಾನು ಮೊದಲು ನೋಡಿದ್ದು ಒಂದು ಮಧ್ಯಾಹ್ನ, ಅವರು ಮುಖ ತೊಳೆದು ಬಂದು, ಕನ್ನಡಿಗೆ ಅಂಟಿಸಿಟ್ಟಿದ್ದ ಟಿಕಲಿಯನ್ನು ಕಿತ್ತು ಮತ್ತೆ ಹಣೆಗೆ ಒತ್ತಿಕೊಳ್ಳುವಾಗ. ಡಾಕ್ಟರಿಗೆ ತೋರಿಸಬಾರದೇ ಎಂದು ಕೇಳಿದೆ. ಮುಚ್ಚಳ ಸರಿಯಾಗಿದ್ದರೆ ಡಬ್ಬಿಯೊಳಗೆ ಎಂತ ಉಂಟು ಎಂದು ಯಾರು ನೋಡುತ್ತಾರೆ ಎಂದು ನಕ್ಕುಬಿಟ್ಟರು.

ಗೋರೆಗಾಂವ್‌ನ ನಮ್ಮ ಕಾಲೊನಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಡಬ್ಬಿ ಅಕ್ಕ ಎಂದೇ. ನನಗೆ ಬರೀ ಅಕ್ಕ. ಉಡುಪಿಯ ಕಡೆಯವರು, ಮಕ್ಕಳಿರಲಿಲ್ಲ. ಗಂಡ ಅಂಧೇರಿಯ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದವರು, ಒಂದು ದಿನ ಗಲ್ಲೆಯ ಮೇಲೆಯೇ ಕುಸಿದರು. ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಯಿತು. ಆಮೇಲೆ ಮನೆ ನಡೆಸಿದ್ದು ಅಕ್ಕನ ಡಬ್ಬಿಗಳು. ನಾವು ಮೈಸೂರಿನ ಕಡೆಯವರು, ನನ್ನ ಯಜಮಾನರದು ಆಫೀಸಿನ ಕೆಲಸ. ನಮ್ಮ ವಿಂಗಿನಲ್ಲಿ ಕನ್ನಡ ಮಾತಾಡುವವರು ನಾವೆರಡೇ ಮನೆ. ಹಾಗೆಂದು ಮೊದಲ ದಿನದಿಂದಲೇ ಗಳಸ್ಯಕಂಠಸ್ಯ ಸ್ನೇಹ ಏನೂ ಆಗಲಿಲ್ಲ. ನನ್ನ ಮೂಗಿನ ತುದಿಯಲ್ಲೇ ಕೋಪ ಎಂದು ಅವರು ಬಿಲ್ಡಿಂಗ್ ತುಂಬ ಹೇಳಿಕೊಂಡು ಬಂದಿದ್ದರು. ಸುಳ್ಳೇನಲ್ಲ.

ಅವರದು ಪ್ಲಾಸ್ಟಿಕ್ ಡಬ್ಬಿಗಳ ಒಂದು ಕಂಪನಿಯ ಮಾಲನ್ನು ಮನೆಮನೆಯ ಪಾರ್ಟಿಗಳಲ್ಲಿ ಮಾರುವ ಕೆಲಸ. ಪಾರ್ಟಿ ಎಂದರೆ ಕೇಕು ಕುಣಿತ ಅಲ್ಲ. ಒಬ್ಬಾಕೆ ತನ್ನ ಮನೆಗೆ ಅಕ್ಕಪಕ್ಕದ ಹೆಂಗಸರನ್ನು ಕರೆದು ಚಹಾ, ಪೋಹೆ ಕೊಡುತ್ತಾಳೆ. ಅಕ್ಕ ನಡುವೆ ಚಾಪೆಯ ಮೇಲೆ ಕೂತು ಚೀಲದಿಂದ ಒಂದೊಂದೇ ಡಬ್ಬಿ ತೆಗೆದು ಗುಣಗಾನ ಮಾಡುತ್ತಾರೆ. ಬೇಕಾದವರು ಹೆಸರು ಬರೆಸುತ್ತಾರೆ. ಮಾಲು ಬಂದ ಮೇಲೆ ಅದನ್ನು ಹೊತ್ತುಕೊಂಡು ಹೋಗಿ ಕೊಟ್ಟು ಬರುವುದೂ ಅಕ್ಕನೇ. ಅವರ ಪಾರ್ಟಿಗೆ ಜನ ಬರುತ್ತಿದ್ದದ್ದು ಒಂದು ಆಟಕ್ಕಾಗಿ. ಡಬ್ಬಿಗೆ ನೀರು ತುಂಬಿ, ಮುಚ್ಚಳದ ನಡುವೆ ಹೆಬ್ಬೆರಳಿನಿಂದ ಒತ್ತಿ, ಒಂದು ಮೂಲೆಯನ್ನು ಚೂರೇ ಚೂರು ಎತ್ತಿ ಒಳಗಿನ ಗಾಳಿ ಬಿಟ್ಟು, ಅವತ್ತು ಎಲ್ಲರಿಗಿಂತ ಒಳ್ಳೆಯ ಸೀರೆ ಉಟ್ಟು ಬಂದವಳ ತಲೆಯ ಮೇಲೆ ಬೋರಲು ಹಿಡಿಯುವುದು. ಆಕೆ ಕಣ್ಣು ಮುಚ್ಚಿ ಚೀರುತ್ತಾಳೆ, ಒಂದು ತೊಟ್ಟೂ ಬೀಳುವುದಿಲ್ಲ. ಗಾಳಿ ಬಿಡದೆ ಮುಚ್ಚಿದರೆ ಎಂಥ ಡಬ್ಬಿಯೂ ಮೋಸ ಮಾಡುತ್ತದೆ ಎಂದು ಅಕ್ಕ ಹಿಂದಿಯಲ್ಲಿ ಮುಗಿಸುವಾಗ ಹೆಂಗಸರೆಲ್ಲ ನಗುತ್ತಿದ್ದರು. ಆ ನಗುವಿನ ನಡುವೆ ಅಕ್ಕ ತುಂಬ ಚಂದ ಕಾಣುತ್ತಿದ್ದರು.

ನನ್ನ ಮಗಳು ಶಾಲೆಗೆ ಸೇರಿದ ಮೇಲೆ ನಾನೂ ಅವರ ಕೈಕೆಳಗೆ ಈ ಕೆಲಸ ಹಿಡಿದೆ. ಮನೆಯಲ್ಲಿ ಕೂತು ಗೋಡೆ ನೋಡಿ ಸಾಕಾಗಿತ್ತು. ಅಕ್ಕ ಮೊದಲು ಕಲಿಸಿದ್ದು ಮಾರುವುದನ್ನಲ್ಲ, ಎಷ್ಟು ದೂರ ಹೋಗಬಹುದು ಎಂಬುದನ್ನು. ಈ ಕೆಲಸ ಬಿಟ್ಟುಹೋಗುವ ಹೆಂಗಸರೆಲ್ಲ ಬಿಡುವುದು ಡಬ್ಬಿ ಖರ್ಚಾಗಲಿಲ್ಲ ಎಂದಲ್ಲ, ತಪ್ಪು ಊರಿಗೆ ಒಪ್ಪಿಕೊಂಡರು ಎಂದು ಅವರ ಲೆಕ್ಕ. ಒಂದು ಪಾರ್ಟಿ ಎಂದರೆ ಎರಡು ಪ್ರಯಾಣ, ತೋರಿಸಲು ಒಂದು, ಕೊಡಲು ಒಂದು. ಆದ್ದರಿಂದ ಯಾರಾದರೂ ಫೋನು ಮಾಡಿ ಬನ್ನಿ ಎಂದರೆ ಕುಣಿಯಬಾರದು. ಸ್ಟೇಷನ್ನಿನಿಂದ ನಡೆಯುವ ದೂರವೋ, ಶೇರ್ ರಿಕ್ಷಾವೋ? ಲಿಫ್ಟ್ ಇದೆಯೋ? ಕರೆದವಳಿಗೆ ಅಕ್ಕಪಕ್ಕದವರ ಜೊತೆ ಮಾತುಕತೆ ಇದೆಯೋ, ಇಲ್ಲ ಎಲ್ಲರ ಜೊತೆ ಜಗಳವೋ? ಇಷ್ಟೆಲ್ಲ ಕೇಳಿಯೇ ಹೂಂ ಎನ್ನಬೇಕು.

"ಹೋಗುವಾಗ ಎಲ್ಲಾ ಊರೂ ಹತ್ತಿರವೇ ಮಾರಾಯ್ತಿ," ಎನ್ನುತ್ತಿದ್ದರು. "ನೀನು ಬರುವ ದಾರಿ ಅಳತೆ ಮಾಡು."

ಅವರ ಅಳತೆ ಗಂಡನ ಚಹಾ. ಮಧ್ಯಾಹ್ನ ಅವರಿಗೆ ಊಟ ಮಾಡಿಸಿ, ಮಗ್ಗುಲು ಬದಲಿಸಿ, ಟಿವಿ ಹಾಕಿಟ್ಟು ಹೊರಟರೆ ಸಂಜೆಯ ಚಹಾದ ಹೊತ್ತಿಗೆ ಬಾಗಿಲು ತೆಗೆಯಲೇಬೇಕು. ಥರ್ಮಾಸಿನಲ್ಲಿ ಇಟ್ಟುಹೋಗೋಣವೆಂದರೆ ಅದರ ಮುಚ್ಚಳ ತಿರುಗಿಸಲು ಎರಡು ಕೈ ಬೇಕು. ಆ ಚಹಾದ ಹೊತ್ತಿಗೆ ಮರಳಿ ಬರಬಹುದಾದ ಊರುಗಳಷ್ಟೇ ಅಕ್ಕನ ಮುಂಬಯಿ. ಒಂದು ಕಡೆಗೆ ಜೋಗೇಶ್ವರಿ, ಇನ್ನೊಂದು ಕಡೆಗೆ ಮಲಾಡ್, ಬಹಳವೆಂದರೆ ಕಾಂದಿವಲಿ. ಟ್ರೇನಿನ ಲೈನು ಬದಲಿಸುವ ಊರು ಬೇಡ. ಖಾಡಿ ದಾಟುವ ಊರಂತೂ ಬೇಡವೇ ಬೇಡ. ಭಾಯಂದರ್ ಆದ ಮೇಲೆ ಲೋಕಲ್ ಒಂದು ಉದ್ದನೆಯ ಸೇತುವೆ ಹತ್ತುತ್ತದಲ್ಲ, ಕೆಳಗೆ ಸಮುದ್ರದ ಹಿನ್ನೀರು, ಅದನ್ನೇ ನಾವು ಖಾಡಿ ಎನ್ನುವುದು. ಅದರಾಚೆಯ ವಸಯಿ, ವಿರಾರ್‌ಗಳಿಂದ ಯಾರಾದರೂ ಕರೆದರೆ ಅಕ್ಕ ನಯವಾಗಿ ಬೇರೆ ಯಾರದೋ ನಂಬರು ಕೊಟ್ಟುಬಿಡುತ್ತಿದ್ದರು.

ನಾನು ಕೇಳುವ ಪೈಕಿಯೇ? ವಿಕ್ರೋಳಿಯ ಕಾರ್ಖಾನೆ ಕಾಲೊನಿಯಲ್ಲಿ ನನ್ನ ದೊಡ್ಡಮ್ಮನ ಮಗಳು ಇದ್ದಳು. ಅಲ್ಲಿ ಹೆಂಗಸರು ಸಾಲುಗಟ್ಟಿ ನಿಂತಿದ್ದಾರೆ ಎಂದಳು. ದೂರದ ಬೆಟ್ಟ ನುಣ್ಣಗೆ ಎಂದು ಅಕ್ಕ ಒಂದೇ ಮಾತು ಹೇಳಿದರು. ನಾನು ಪವಾಯಿ ಮೇಲಿನ ಬಸ್ಸು ಹಿಡಿದು ಹೋದೆ. ಪಾರ್ಟಿ ಭರ್ಜರಿಯಾಯಿತು. ತಲೆಯ ಮೇಲೆ ಡಬ್ಬಿ ಬೋರಲು ಹಿಡಿದೆ, ನೀರೂ ಬೀಳಲಿಲ್ಲ. ಗ್ರಹಚಾರ ಕೆಟ್ಟದ್ದು ಮಾಲು ಕೊಡಲು ಹೋದ ದಿನ. ಎರಡು ದೊಡ್ಡ ಚೀಲ ಖಾಲಿ ಮಾಡಿ ವಾಪಸ್ಸು ಬರುವಾಗ ಲಿಂಕ್ ರೋಡಿನಲ್ಲಿ ಯಾವುದೋ ಟ್ರಕ್ಕು ಕೆಟ್ಟು ನಿಂತಿತ್ತು. ಬಸ್ಸು ಅಲುಗಲಿಲ್ಲ. ಶಾಲೆಯ ವ್ಯಾನು ಮಗಳನ್ನು ಗೇಟಿನಲ್ಲಿ ಬಿಟ್ಟು ಹೋಗುವ ಹೊತ್ತು ಕಳೆದುಹೋಯಿತು. ಫೋನಿನ ಚಾರ್ಜೂ ಮುಗಿದಿತ್ತು. ಬಸ್ಸಿನಲ್ಲಿ ನಿಂತುಕೊಂಡೇ ಅತ್ತಿದ್ದೇನೆ.

ಮನೆಗೆ ಬಂದರೆ ಮಗಳು ಅಕ್ಕನ ಮನೆಯಲ್ಲಿ ಅವರ ಗಂಡನ ಮಂಚದ ತುದಿಗೆ ಕೂತು ಹಾಲಿಗೆ ಟೋಸ್ಟು ಅದ್ದಿ ತಿನ್ನುತ್ತಿದ್ದಳು. ಅಕ್ಕ ಗಂಡನಿಗೆ ಚಮಚದಲ್ಲಿ ಚಹಾ ಕುಡಿಸುತ್ತಿದ್ದರು. ಅವತ್ತು ಅವರಿಗೂ ಮಲಾಡಿನಲ್ಲಿ ಪಾರ್ಟಿ ಇತ್ತಂತೆ, ಗೇಟಿನಲ್ಲಿ ಮಗು ಒಂಟಿಯಾಗಿ ನಿಂತಿದ್ದು ನೋಡಿ ಹೋಗಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ವಾಚ್‌ಮನ್, ಅವರಲ್ಲ. ಅವರು ಬೈಯುತ್ತಾರೆಂದು ಕಾದೆ. "ಈಗ ಗೊತ್ತಾಯ್ತಲ್ಲ, ನಿನ್ನ ಊರು ಎಲ್ಲಿಯವರೆಗೆ ಅಂತ," ಎಂದು ನನಗೂ ಒಂದು ಲೋಟ ಚಹಾ ಬಗ್ಗಿಸಿದರು. ಅವತ್ತಿನಿಂದ ನಾನು ಅವರ ಮಾತು ಮೀರಿದ್ದಿಲ್ಲ. ಮಗಳಿಗೂ ಅವರ ಮನೆ ಎರಡನೆಯ ಮನೆಯಾಯಿತು.

ಅವರ ಗಂಡ ಹೋದದ್ದು ಒಂದು ದೀಪಾವಳಿಯ ಹಿಂದಿನ ವಾರ. ಹೋದ ಮೇಲೆ ಮಾಡಬೇಕಾದ್ದನ್ನೆಲ್ಲ ಕಾಂದಿವಲಿಯಲ್ಲಿದ್ದ ಮೈದುನ ಬಂದು ಮಾಡಿ ಮುಗಿಸಿದರು. ಅಕ್ಕ ಬಳೆ ತೆಗೆದರು, ಕರಿಮಣಿ ತೆಗೆದರು, ಟಿಕಲಿ ತೆಗೆದರು. ಆಗ ಹಣೆಯ ಬಿಳಿ ಕಲೆ ಊರಿಗೆಲ್ಲ ಕಂಡಿತು. ಟಿಕಲಿ ಇದ್ದಾಗ ಎದ್ದುಕಾಣದ ಹಣೆ ಟಿಕಲಿ ಇಲ್ಲದಾಗ ಎದ್ದು ಕಾಣತೊಡಗಿತು. ನನಗೆ ಮೈಯೆಲ್ಲ ಉರಿಯಿತು. ಈ ಕಾಲದಲ್ಲಿ ಯಾರು ಇದನ್ನೆಲ್ಲ ನೋಡುತ್ತಾರೆ, ಸುಮ್ಮನೆ ಒಂದು ಟಿಕಲಿ ಇಟ್ಟುಕೊಳ್ಳಿ ಎಂದು ಜಗಳಕ್ಕೇ ಹೋದೆ.

"ನೀನು ಹೇಳಿದರೆ ಆಯ್ತಾ?" ಎಂದರು ಅಕ್ಕ. "ಕುಂಕುಮ ನಾವೇ ಇಟ್ಟುಕೊಳ್ಳುದಲ್ಲ. ಕರೆದವರು ಇಡಬೇಕು."

ಆ ಮಾತಿನ ಅರ್ಥ ನನಗೆ ತಿಳಿದದ್ದು ಜನವರಿಯಲ್ಲಿ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿ ಮರಾಠಿ ಮನೆಗಳಲ್ಲಿ ಹಳದಿ ಕುಂಕುಮದ ಕಾಲ. ಮುತ್ತೈದೆಯರು ಒಬ್ಬರನ್ನೊಬ್ಬರು ಕರೆದು, ಅರಿಸಿನ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಜೊತೆಗೆ ವಾಣವೆಂದು ಒಂದು ಸಣ್ಣ ಉಡುಗೊರೆ ಕೈಯಲ್ಲಿಡುತ್ತಾರೆ. ಈಗಿನ ವಾಣ ಹೆಚ್ಚಾಗಿ ಪ್ಲಾಸ್ಟಿಕ್ ಡಬ್ಬಿಯೇ. ಆದ್ದರಿಂದ ವರ್ಷದ ಅರ್ಧ ಸಂಪಾದನೆ ನಮಗೆ ಆ ದಿನಗಳಲ್ಲೇ. ಎಷ್ಟೋ ಮನೆಗಳಲ್ಲಿ ಹಳದಿ ಕುಂಕುಮವೂ ಡಬ್ಬಿಯ ಪಾರ್ಟಿಯೂ ಒಟ್ಟಿಗೇ ನಡೆಯುತ್ತವೆ. ಹಿಂದಿನ ವರ್ಷಗಳಲ್ಲಿ ಆ ದಿನಗಳಲ್ಲಿ ಅಕ್ಕನ ಹಣೆಯಲ್ಲಿ ಟಿಕಲಿಯ ಮೇಲೆ ಕುಂಕುಮ, ಕುಂಕುಮದ ಮೇಲೆ ಕುಂಕುಮ, ತುರುಬಿನಲ್ಲಿ ಹೂವಿನ ಮೇಲೆ ಹೂವು.

ಆ ಜನವರಿಯಲ್ಲಿ ಅವರ ಫೋನು ಸುಮ್ಮನೆ ಬಿದ್ದಿತ್ತು. ಯಾರೂ ಒರಟು ಮಾತಾಡಲಿಲ್ಲ, ಅದೇ ಕಷ್ಟ. ಪಾಪ, ಈ ವರ್ಷ ನೀವು ಆರಾಮ ಮಾಡಿ ಎಂದರು. ಡಬ್ಬಿ ನಿಮ್ಮದೇ ಬೇಕು, ಆದರೆ ನೀವು ಯಾಕೆ ಮೆಟ್ಟಿಲು ಹತ್ತುತ್ತೀರಿ, ವಾಚ್‌ಮನ್ ಹತ್ತಿರ ಬಿಟ್ಟುಹೋಗಿ ಎಂದರು. ಬಿ ವಿಂಗಿನ ಒಂದು ಮನೆಗೆ ವಾಣದ ಡಬ್ಬಿಗಳನ್ನು ಕೊಡಲು ಅಕ್ಕನ ಜೊತೆ ನಾನೂ ಹೋಗಿದ್ದೆ, ಚೀಲ ಎರಡಿತ್ತು. ಒಳಗೆ ಹೆಂಗಸರ ಗಲಗಲ. ಬಾಗಿಲು ತೆರೆದದ್ದು ಆ ಮನೆಯ ಅತ್ತೆ, ನಾವೆಲ್ಲ ಆಜಿ ಎನ್ನುವ ಮುದುಕಿ. ಬಾಗಿಲನ್ನು ಅರ್ಧ ತೆರೆದು, ಬಹಳ ಪ್ರೀತಿಯಿಂದಲೇ ಅಕ್ಕನ ಆರೋಗ್ಯ ವಿಚಾರಿಸಿ, ಕೈ ಚಾಚಿ ಚೀಲ ತೆಗೆದುಕೊಂಡರು. ನನ್ನನ್ನು ಮಾತ್ರ ಒಳಗೆ ಬಾ ಎಂದು ಕರೆದರು. ನಾನು ಹೋಗಲಿಲ್ಲ. ಅಕ್ಕ ಚಪ್ಪಲಿಗಳ ನಡುವೆ ನಿಂತುಕೊಂಡೇ, ಮುಚ್ಚಳದ ಮೂಲೆ ಎತ್ತಿ ಗಾಳಿ ಬಿಡಬೇಕು ಆಜಿ, ಎಲ್ಲರಿಗೂ ಹೇಳಿ ಎಂದು ಮರಾಠಿಯಲ್ಲಿ ತಿಳಿಸಿ ಮೆಟ್ಟಿಲು ಇಳಿದರು.

ನನ್ನ ಮನೆಯ ಹಳದಿ ಕುಂಕುಮಕ್ಕೆ ನಾನು ಅವರನ್ನು ಕರೆದೆ. ಹಟ ಹಿಡಿದೆ. ಅವರು ಬರಲಿಲ್ಲ. "ನಾನು ಬಂದರೆ ನಾಳೆ ನಿನ್ನನ್ನೂ ಕರೆಯುದಿಲ್ಲ. ನಿಂಗೆ ಇಲ್ಲೇ ಧಂದೆ ಮಾಡ್ಲಿಕ್ಕುಂಟು, ಮಗಳನ್ನು ಓದಿಸ್ಲಿಕ್ಕುಂಟು," ಎಂದರು. ಕಾಲೊನಿಯ ಹತ್ತಿರದ ಮನೆಗಳನ್ನೆಲ್ಲ ಒಂದೊಂದಾಗಿ ನನಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟೆ ಎಂದೂ ಹೇಳಲಿಲ್ಲ, ನನಗೆ ಮಂಡಿ ನೋವು, ನೀನು ಹೋಗು ಎನ್ನುತ್ತಿದ್ದರು.

ಆ ಮಂಡಿ ನೋವಿನವರೇ ಮುಂದಿನ ತಿಂಗಳು ವಸಯಿಗೆ ಹೊರಟರು. ಆಮೇಲೆ ನಾಲಾಸೋಪಾರಾ. ಆಮೇಲೆ ವಿರಾರ್. ನನಗೆ ತಲೆಬುಡ ತಿಳಿಯಲಿಲ್ಲ. ಲೈನು ದಾಟಬೇಡ, ಖಾಡಿ ದಾಟಬೇಡ ಎಂದು ನನ್ನ ಕಿವಿ ತೂತು ಬೀಳುವಂತೆ ಹೇಳಿದವರು ಇವರೇ ತಾನೇ? ಚಹಾಕ್ಕೆ ಕಾಯುವವರು ಇಲ್ಲವೆಂದ ಮಾತ್ರಕ್ಕೆ ಬರುವ ದಾರಿ ಹತ್ತಿರವಾಯಿತೇ ಎಂದು ಒಮ್ಮೆ ಕೇಳಿಯೂಬಿಟ್ಟೆ. ಅಕ್ಕ ಚೀಲದ ಡಬ್ಬಿಗಳನ್ನು ಎಣಿಸತೊಡಗಿದರು. ಕಂಪನಿಯ ಮೀಟಿಂಗಿನಲ್ಲಿ ಅವರನ್ನು ಎಬ್ಬಿಸಿ ನಿಲ್ಲಿಸಿ, ದುಃಖವನ್ನು ನುಂಗಿ ಹೊಸ ಏರಿಯಾ ಬೆಳೆಸಿದ ಮಹಿಳೆ ಎಂದು ಚಪ್ಪಾಳೆ ಹೊಡೆಸಿದರು. ಅಕ್ಕ ಆ ಚಪ್ಪಾಳೆಯಲ್ಲಿ ತಲೆ ತಗ್ಗಿಸಿ ನಿಂತಿದ್ದು ನಾಚಿಕೆಯಿಂದ ಎಂದುಕೊಂಡೆ. ಸಂಜೆ ಅವರು ಸ್ಟೇಷನ್ನಿನ ಮೆಟ್ಟಿಲು ಇಳಿದು ಬರುವಾಗ ನೋಡಬೇಕಿತ್ತು, ಬೆವರಿ, ಕಾಲೆಳೆದುಕೊಂಡು, ಹಿಂಡಿ ಹಾಕಿದ ಬಟ್ಟೆಯಾಗಿರುತ್ತಿದ್ದರು.

ಮುಂದಿನ ಜನವರಿಯಲ್ಲಿ ಅವರಿಗೆ ಜ್ವರ ಬಂದಿತ್ತು. ವಿರಾರಿನ ಒಂದು ಮನೆಗೆ ಹೋಗಲೇಬೇಕಿತ್ತು. ಕೊನೆಗೆ ಚೀಲ ಹೊರಲು ನಾನು ಜೊತೆಗೆ ಬರುತ್ತೇನೆಂದೆ. ಬೇಡ ಎಂದರು. ಬರುತ್ತೇನೆ ಎಂದೆ. ದಾರಿಯುದ್ದಕ್ಕೂ ಅಕ್ಕ ಯಾಕೋ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತಿದ್ದರು. ಸ್ಟೇಷನ್ನಿನಿಂದ ಶೇರ್ ರಿಕ್ಷಾ, ಅಲ್ಲಿಂದ ನಡಿಗೆ, ಲಿಫ್ಟಿಲ್ಲದ ಬಿಲ್ಡಿಂಗಿನ ಕೊನೆಯ ಮಾಳಿಗೆ. ಯಾವ ಪ್ರಶ್ನೆಗಳನ್ನು ಕೇಳಿಯೇ ಹೂಂ ಎನ್ನಬೇಕೆಂದು ನನಗೆ ಕಲಿಸಿದ್ದರೋ ಅವುಗಳಲ್ಲಿ ಹೆಚ್ಚಿನವಕ್ಕೆ ಇಲ್ಲ ಎಂಬ ಉತ್ತರವಿದ್ದ ಮನೆ.

ಬಾಗಿಲಲ್ಲಿ ನಿಂತಿದ್ದವಳು ನಮ್ಮಿಬ್ಬರ ನಡುವಿನ ವಯಸ್ಸಿನ, ದುಂಡುಮುಖದ ಮರಾಠಿ ಹೆಂಗಸು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಒಳಗೆ ಹೆಂಗಸರು ಆಗಲೇ ಕೂತಿದ್ದರು. ಆಕೆ ಅಕ್ಕನ ಹಣೆ ನೋಡಿದಳು. "ಅಗಬಾಯಿ, ಟಿಕಲಿ ಪಡಲಿ ವಾಟ್ತಂ ಗರ್ದೀತ್," ಎಂದಳು. ಅಯ್ಯೋ, ಟ್ರೇನಿನ ನೂಕುನುಗ್ಗಲಲ್ಲಿ ಟಿಕಲಿ ಬಿದ್ದುಹೋಯಿತೆಂದು ಕಾಣುತ್ತದೆ ಎಂದು. ಹೋದ ಸಲವೂ ಹೀಗೇ ಆಗಿತ್ತಲ್ಲ ಎಂದು ನಗುತ್ತ, ನಾವು ಚಪ್ಪಲಿ ಬಿಡುವ ಮೊದಲೇ ತಟ್ಟೆ ತಂದು, ಉಂಗುರದ ಬೆರಳಿನಿಂದ ಅಕ್ಕನ ಹಣೆಯ ಆ ಬಿಳಿ ಕಲೆಯ ಮೇಲೆ ಅರಿಸಿನ ಇಟ್ಟಳು, ಕುಂಕುಮ ಇಟ್ಟಳು. ತುರುಬಿಗೆ ಹೂವು ಮುಡಿಸಿದಳು.

ಅಕ್ಕ ಹಣೆಯನ್ನು ಮುಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಅವತ್ತಿನ ಪಾರ್ಟಿಯಲ್ಲಿ ಅವರು ಜ್ವರದಲ್ಲೇ ಡಬ್ಬಿ ಬೋರಲು ಹಿಡಿದು ಎಲ್ಲರನ್ನೂ ಚೀರಿಸಿದರು, ನಗಿಸಿದರು. ಯಾರದೋ ಮಗುವಿನ ಹುಟ್ಟುಹಬ್ಬ, ಯಾರದೋ ಸೊಸೆಯ ದೂರು, ಎಲ್ಲದರಲ್ಲೂ ಅವರ ಬಾಯಿ ಇತ್ತು. ಗಂಡ ಹೋದ ಮೇಲೆ ಆ ಅಕ್ಕನನ್ನು ನಾನು ಮತ್ತೆ ನೋಡಿದ್ದು ಅಲ್ಲೇ.

ವಾಪಸ್ಸು ಬರುವಾಗ ಟ್ರೇನಿನ ಲೇಡೀಸ್ ಡಬ್ಬಿ ಖಾಲಿಯಿತ್ತು. ವಸಯಿ ದಾಟಿತು. ನಾಯ್ಗಾಂವ್ ಆಗಿ ಗಾಡಿ ಖಾಡಿಯ ಸೇತುವೆ ಹತ್ತಿ ಗಡಗಡ ಸದ್ದು ಶುರುವಾದದ್ದೇ ಅಕ್ಕ ಬಾಟಲಿಯ ನೀರಿನಲ್ಲಿ ಸೆರಗಿನ ತುದಿ ಒದ್ದೆ ಮಾಡಿ ಹಣೆ ಒರೆಸಿಕೊಂಡರು. ಹೂವನ್ನು ತೆಗೆದು, ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ನೀರಿಗೆ ಬಿಟ್ಟರು. ಇದು ಅವರಿಗೆ ಅಭ್ಯಾಸವಾಗಿಹೋಗಿದೆ ಎಂದು ಕೈ ನೋಡಿದರೇ ತಿಳಿಯುತ್ತಿತ್ತು.

"ನಾನು ಸುಳ್ಳು ಹೇಳಲಿಲ್ಲ," ಎಂದರು, ನನ್ನ ಕಡೆ ನೋಡದೆ. "ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ."

ಬಾಟಲಿಯ ಮುಚ್ಚಳ ತಿರುಗಿಸುತ್ತ, "ನನ್ನ ಗುರ್ತ ಇಲ್ಲದ ಊರು ಇಷ್ಟು ದೂರ ಉಂಟು, ಎಂತ ಮಾಡುದು," ಎಂದರು. ಅವರ ಚೀಲವನ್ನು ನನ್ನ ಮಡಿಲಿಗೆ ಎಳೆದುಕೊಂಡೆ, ಅಷ್ಟೇ.

ಗುರುತಿಲ್ಲದ ಊರುಗಳೂ ಒಂದೊಂದಾಗಿ ಕೈತಪ್ಪಿದವು. ವಸಯಿಯ ಮನೆಯೊಂದಕ್ಕೆ ನಮ್ಮ ಕಾಲೊನಿಯವರ ನಾದಿನಿ ಬಂದಿದ್ದಳಂತೆ, ಅಕ್ಕನನ್ನು ನೋಡಿ ಕಣ್ಣರಳಿಸಿದಳಂತೆ. ಮುಂದಿನ ಸಲ ಅಲ್ಲಿಂದ ಫೋನು ಬರಲಿಲ್ಲ. ನಾಲಾಸೋಪಾರಾದಲ್ಲೂ ಹೀಗೇ ಏನೋ ಆಯಿತು. ಮುಂಬಯಿ ದೊಡ್ಡದು ಎನ್ನುತ್ತಾರೆ, ಹೆಂಗಸರ ಬಾಯಿಗೆ ಅದು ಅಂಗೈಯಗಲ. ಅಕ್ಕ ವಿರಾರಿನಾಚೆ ಪಾಲ್ಘರದ ತನಕ ಹೋಗತೊಡಗಿದರು. ಅಲ್ಲಿಯ ಗಾಡಿಗಳು ಅಪರೂಪ, ಸ್ಟೇಷನ್ನಿನಲ್ಲಿ ಕಾಯುವುದೇ ಒಂದು ಕೆಲಸ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಡಾಕ್ಟರು ಹೃದಯ ದುರ್ಬಲವಾಗಿದೆ, ಭಾರ ಎತ್ತಬೇಡಿ ಎಂದರು. ನಾನು ಗದರಿಸಿದೆ, ಅತ್ತುಕೊಂಡೆ, ಚೀಲ ಬಚ್ಚಿಟ್ಟೆ. ಪಾಲ್ಘರವನ್ನು ಬಿಟ್ಟರು, ವಿರಾರಿನ ಆ ಒಂದು ಮನೆಯನ್ನು ಬಿಡಲಿಲ್ಲ. ಪ್ರತಿ ಸಂಕ್ರಾಂತಿಗೆ ಆಕೆ ತಪ್ಪದೆ ಕರೆಯುತ್ತಿದ್ದಳು, ಅಕ್ಕ ತಪ್ಪದೆ ಹೋಗುತ್ತಿದ್ದರು. ವರ್ಷದಲ್ಲಿ ಒಂದು ಮಧ್ಯಾಹ್ನ ಮಾರಾಯ್ತಿ, ಅದನ್ನೂ ಬೇಡ ಅನ್ಬೇಡ ಎಂದರು. ನಾನು ಬೇಡ ಎನ್ನಲಿಲ್ಲ.

ಹೋದ ಜನವರಿಯಲ್ಲಿ ನನ್ನ ಮಗಳಿಗೆ ಪರೀಕ್ಷೆಯಿತ್ತು, ಜೊತೆಗೆ ಹೋಗಲಾಗಲಿಲ್ಲ. ಸಂಜೆ ಬೆಳಕಿರುವಾಗಲೇ ಅಕ್ಕನ ಫೋನು ಬಂತು. ಗೋರೆಗಾಂವ್ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದೇನೆ, ಏಳಲಿಕ್ಕೆ ಆಗುದಿಲ್ಲ, ಬರ್ತೀಯಾ ಎಂದರು. ಚಪ್ಪಲಿ ಸರಿಯಾಗಿ ಹಾಕಿಕೊಳ್ಳದೆ ಓಡಿದೆ. ಬೆಂಚಿನ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ಯಾರೋ ಕಾಲೇಜು ಹುಡುಗಿ ಕಾಗದದಿಂದ ಗಾಳಿ ಬೀಸುತ್ತಿದ್ದಳು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹಣೆಯಲ್ಲಿ ಕುಂಕುಮ ಹಾಗೇ ಇತ್ತು, ಎದ್ದು ಕಾಣುವಷ್ಟು ಕೆಂಪಗೆ. ತುರುಬಿನಲ್ಲಿ ಹೂವೂ ಇತ್ತು.

"ಇವತ್ತು ಕಣ್ಣು ಎಳೀತು. ಖಾಡಿ ಬಂದು ಹೋದದ್ದೇ ಗೊತ್ತಾಗ್ಲಿಲ್ಲ," ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಹಣೆ ಒರೆಸು. ಬಿಲ್ಡಿಂಗಿನವರು ನೋಡಿದರೆ ಎಂತ ಹೇಳ್ತಾರೆ," ಎಂದರು.

ನಾನು ಆಸ್ಪತ್ರೆಗೆ ಹೋಗೋಣ, ಅದೆಲ್ಲ ಆಮೇಲೆ ಎಂದೆ. ಅವರು ಕೈ ಬಿಡಲಿಲ್ಲ. ಕೊನೆಗೆ ದುಪಟ್ಟಾದ ತುದಿಯನ್ನು ಒದ್ದೆ ಮಾಡಿ ಒರೆಸಿದೆ. ಮೊದಲು ಹರಡಿ ಹಣೆಯೆಲ್ಲ ಕೆಂಪಾಯಿತು, ಮತ್ತೆ ಒರೆಸಿದೆ, ಬಿಳಿ ಕಲೆ ಕಾಣಿಸಿತು. ಹೋಯ್ತಾ ಎಂದು ಕೇಳಿದರು. ಹೋಯಿತು ಅಕ್ಕ ಎಂದೆ. ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ರಿಕ್ಷಾದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ತಲೆ ನನ್ನ ಭುಜದ ಮೇಲೆ ಭಾರವಾಗಿತ್ತು.

ಅವರ ಫೋನು ನನ್ನ ಚೀಲದಲ್ಲೇ ಉಳಿದಿತ್ತು. ಆಸ್ಪತ್ರೆಯಲ್ಲಿ ಕಾಗದಪತ್ರ ಆಗುವಾಗ ಅದು ಹೊಡೆದುಕೊಂಡಿತು. ವಿರಾರಿನ ಹೆಂಗಸು, ಸುಖವಾಗಿ ಮುಟ್ಟಿದಿರಾ ಎಂದು ಕೇಳಲು ಮಾಡಿದ್ದಳು. ನಾನು ವಿಷಯ ಹೇಳಿದೆ. ಆಕೆ ಅಕ್ಕನ ಮನೆಯ ವಿಳಾಸ ಕೇಳಿದಳು.

ಮಾರನೆಯ ಬೆಳಿಗ್ಗೆ ಅಕ್ಕನ ಮನೆ ತುಂಬ ಹೆಂಗಸರು. ಬಾಗಿಲನ್ನು ಅರ್ಧ ತೆರೆದವರು, ವಾಚ್‌ಮನ್ ಹತ್ತಿರ ಬಿಟ್ಟುಹೋಗಿ ಎಂದವರು, ಎಲ್ಲರೂ ಬಂದಿದ್ದರು, ನಿಜವಾಗಿಯೂ ಅಳುತ್ತಿದ್ದರು. ಅವರ ಅಳುವಿನಲ್ಲಿ ಸುಳ್ಳು ಹುಡುಕಿದೆ, ಸಿಗಲಿಲ್ಲ, ಅದರಿಂದ ನನ್ನ ಕೋಪ ಇನ್ನೂ ಹೆಚ್ಚಾಯಿತು. ಸ್ನಾನ ಮಾಡಿಸಿ, ಬಿಳಿ ಸೀರೆ ಉಡಿಸಿ, ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಖಾಲಿ ಹಣೆ. ಬಿ ವಿಂಗಿನ ಆಜಿ ತಲೆಯ ಹತ್ತಿರ ಕೂತು ಏನೋ ಜಪಿಸುತ್ತಿದ್ದರು. ಮೈದುನ ಕೆಳಗೆ ಗಾಡಿಗೆ ಕಾಯುತ್ತಿದ್ದರು.

ಅಷ್ಟರಲ್ಲಿ ವಿರಾರಿನ ಹೆಂಗಸು ಬಂದಳು. ಗುಂಪು ದಾಟಿ ಬಂದು ಅಕ್ಕನ ಪಕ್ಕ ಮಂಡಿಯೂರಿದಳು. ಚೀಲದಿಂದ ಅಕ್ಕನೇ ಎಂದೋ ಮಾರಿದ ಒಂದು ಪುಟ್ಟ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿದಳು. ಕುಂಕುಮ. ಉಂಗುರದ ಬೆರಳನ್ನು ಅದ್ದಿ ಆ ಬಿಳಿ ಕಲೆಯ ಮೇಲೆ ಒತ್ತಿ ಇಟ್ಟಳು. ಗೊತ್ತಿಲ್ಲದೆ ಮಾಡಿದಳೆಂದು ಎಲ್ಲರಿಗೂ ಅನಿಸಿತು. ನನಗೂ ಹಾಗೇ ಅನಿಸಿತು. ಈಗ ಈಕೆಗೆ ಯಾರು ಹೇಳುವುದು, ಹೇಗೆ ಹೇಳುವುದು ಎಂದು ಸುತ್ತ ನೋಡಿದೆ. ಆಜಿಯೇ ಆಕೆಯ ಮೊಣಕೈ ಮುಟ್ಟಿ, ಮೆಲ್ಲಗೆ, ಮಗಳೇ, ಇವರ ಯಜಮಾನರು ಹೋಗಿ ಕೆಲವು ವರ್ಷವಾಯಿತು ಎಂದರು.

"ಮಲಾ ಮಾಹೀತ್ ಆಹೇ, ಆಜಿ," ಎಂದಳು ಆಕೆ. ನನಗೆ ಗೊತ್ತು. ಮೊದಲನೆಯ ದಿನ ಬಾಗಿಲು ತೆಗೆದಾಗಲೇ ಗೊತ್ತಾಯಿತು ಎಂದಳು. ಬರಿ ಕೊರಳು, ಬರಿ ಹಣೆ, ಅದರ ನಡುವೆ ಆ ಕಲೆ, ತಿಳಿಯದಿರಲು ತಾನೇನು ಕುರುಡಿಯೇ? ಇಷ್ಟು ದೂರದಿಂದ ಇಷ್ಟು ಭಾರ ಹೊತ್ತು ಬಂದವರನ್ನು ಹಾಗೇ ಹೇಗೆ ಕೂರಿಸುವುದು ಎಂದು ಟಿಕಲಿ ಬಿದ್ದುಹೋಯಿತು ಎಂದೆ ಎಂದಳು. ಅವರೂ ತಲೆ ಬಾಗಿಸಿದರು, ಆಮೇಲೆ ಪ್ರತಿ ವರ್ಷ ಹಾಗೇ ನಡೆದುಹೋಯಿತು. ಆಕೆ ಇದನ್ನು ಯಾರನ್ನೂ ಚುಚ್ಚಲು ಹೇಳಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ಮೂಲೆ ಎತ್ತಿ ಗಾಳಿ ಬಿಟ್ಟು, ಚೀಲದಲ್ಲಿಟ್ಟುಕೊಂಡಳು.

ಯಾರೂ ಆ ಕುಂಕುಮವನ್ನು ಒರೆಸಲಿಲ್ಲ. ಅಕ್ಕ ಹಾಗೆಯೇ ಮೆಟ್ಟಿಲು ಇಳಿದರು, ಬಿ ವಿಂಗಿನ ಮುಂದೆಯೇ ಹಾದುಹೋದರು.

ಈಗ ಅವರು ಡಬ್ಬಿ ಮಾರುತ್ತಿದ್ದ ಮನೆಗಳೆಲ್ಲ ನನ್ನವು. ಮಗಳ ಕಾಲೇಜಿನ ಫೀಸು ಹೋಗುವುದು ಅಕ್ಕ ಬಿಟ್ಟುಕೊಟ್ಟ ಮಲಾಡ್, ಜೋಗೇ­ಶ್ವರಿಯ ಮನೆಗಳಿಂದ. ಹೊಸದಾಗಿ ಸೇರುವ ಹೆಂಗಸರು ಎಷ್ಟು ದೂರದ ತನಕ ಹೋಗಬಹುದು ಎಂದು ಕೇಳಿದರೆ ಅವರ ಮಾತನ್ನೇ ಹೇಳುತ್ತೇನೆ, ಬರುವ ದಾರಿ ಅಳತೆ ಮಾಡು ಎಂದು. ಈ ಸಂಕ್ರಾಂತಿಗೆ ನಾನು ಒಂದೇ ಒಂದು ಸಲ ಖಾಡಿ ದಾಟಿದೆ. ವಿರಾರಿನ ಆಕೆ ನನಗೂ ಕುಂಕುಮ ಇಟ್ಟಳು, ಅಕ್ಕ ಕೂರುತ್ತಿದ್ದ ಜಾಗದಲ್ಲೇ ಕೂರಿಸಿದಳು. ವಾಪಸ್ಸು ಬರುವಾಗ ಸೇತುವೆಯ ಸದ್ದು ಶುರುವಾದಾಗ ಕೈ ತಾನಾಗಿಯೇ ಬಾಟಲಿಗೆ ಹೋಯಿತು, ಅಲ್ಲೇ ನಿಂತಿತು.

ಅವಳಿಗೆ ಮೊದಲೇ ಗೊತ್ತಿತ್ತು ಅಕ್ಕ, ನೀವು ಒರೆಸಿಕೊಳ್ಳಬೇಕಾಗಿರಲಿಲ್ಲ ಎಂದು ಅಲ್ಲೇ ಹೇಳಬೇಕು ಎನಿಸಿತು. ಎದುರಿನ ಸೀಟು ಖಾಲಿಯಿತ್ತು. ಭಾಯಂದರ್ ಬಂತು, ಜನ ಹತ್ತಿದರು.